ಕೊಳ್ಳುವ ಮುನ್ನ ವಾಟಿನ ಲೆಕ್ಕ

ಯಾದಗಿರಿ, ಶಹಾಪುರ, ಸುರಪುರಗಳಂಥ ಊರುಗಳಲ್ಲಿ ವಿದ್ಯಾರ್ಥಿಯ ಮನೆಗೆ ಬರುವ ಮೊದಲ ಕಂಪ್ಯೂಟರು ಅನೇಕ ವೇಳೆ ಹೊಸದಾಗಿರುವುದಿಲ್ಲ. ದೊಡ್ಡ ನಗರಗಳ ಕಚೇರಿಗಳು ಕೆಲವು ವರ್ಷ ಬಳಸಿ ಕೈಬಿಟ್ಟ ಕಿರುಗಾತ್ರದ ಡೆಸ್ಕ್‌ಟಾಪುಗಳು ದುರಸ್ತಿಗೊಂಡು ಅಲ್ಪ ಬೆಲೆಗೆ ದೊರೆಯುತ್ತವೆ. ಓದು ಬರಹಕ್ಕೆ, ಪ್ರೋಗ್ರಾಮ್ ಬರೆಯುವುದಕ್ಕೆ ಅವು ಧಾರಾಳವಾಗಿ ಸಾಕು. ಆದರೆ ಮೂರು ಆಯಾಮದ ಚಿತ್ರರಚನೆ, ವಿಡಿಯೋ ಸಂಕಲನ, ಆಟ ಮುಂತಾದವುಗಳ ಕಡೆಗೆ ಮನಸ್ಸು ಹರಿದೊಡನೆ ಒಂದು ಗ್ರಾಫಿಕ್ಸ್ ಕಾರ್ಡ್ ಹಾಕಿಸಬೇಕೆಂಬ ಆಸೆ ಹುಟ್ಟುವುದು ಸಹಜ. ಆಗ ಹೆಚ್ಚಿನವರು ಕೇಳುವ ಪ್ರಶ್ನೆ, “ಯಾವ ಕಾರ್ಡು ಎಲ್ಲಕ್ಕಿಂತ ಉತ್ತಮ?” ಎಂಬುದು. ಮೊದಲು ಕೇಳಬೇಕಾದ ಪ್ರಶ್ನೆ, “ನನ್ನ ಪೆಟ್ಟಿಗೆ ಎಷ್ಟು ವಾಟ್ ಕೊಡಬಲ್ಲುದು?” ಎಂಬುದೆಂದು ನಮ್ಮ ಅಭಿಪ್ರಾಯ.

ಚಿತ್ರದ ಲಕ್ಷಾಂತರ ಬಿಂದುಗಳಿಗೆ ಒಂದೇ ಬಗೆಯ ಗಣಿತವನ್ನು ಏಕಕಾಲದಲ್ಲಿ ಮಾಡುವ ನೂರಾರು, ಸಾವಿರಾರು ಸಣ್ಣ ಗಣನಾಂಗಗಳ ಸಮೂಹವೇ ಗ್ರಾಫಿಕ್ಸ್ ಕಾರ್ಡಿನ ತಿರುಳು. ದುಡಿಮೆ ಹೆಚ್ಚಿದಂತೆ ಅದರ ಹಸಿವೂ ಹೆಚ್ಚುವುದು. ೨೦೧೭ರಲ್ಲಿ ಬಂದ ಜಿಟಿ ೧೦೩೦ ಕಾರ್ಡಿಗೆ ೩೦ ವಾಟ್ ಸಾಕು. ೨೦೨೫ರ ಆರ್‌ಟಿಎಕ್ಸ್ ೫೦೯೦ ಕಾರ್ಡಿಗೆ ೫೭೫ ವಾಟ್ ಬೇಕು. ಕಚೇರಿಯ ಕಿರುಯಂತ್ರಗಳ ವಿದ್ಯುತ್ ಪೂರೈಕೆಯ ಘಟಕ, ಅಂದರೆ ಅಂಗಡಿಯವರು ಎಸ್‌ಎಂಪಿಎಸ್ ಎನ್ನುವ ಭಾಗವು, ಸಾಮಾನ್ಯವಾಗಿ ೧೮೦ರಿಂದ ೨೪೦ ವಾಟ್ ಮಾತ್ರ ಕೊಡಬಲ್ಲುದು.

ವೋಲ್ಟನ್ನು ಆಂಪೇರಿನಿಂದ ಗುಣಿಸಿದರೆ ವಾಟ್ ಬರುವುದೆಂದು ನಾವೆಲ್ಲರೂ ಶಾಲೆಯಲ್ಲಿ ಕಲಿತಿದ್ದೇವೆ. ಕಾರ್ಡನ್ನು ಕೂರಿಸುವ ಸ್ಲಾಟು ೧೨ ವೋಲ್ಟಿನಲ್ಲಿ ೫.೫ ಆಂಪೇರ್, ೩.೩ ವೋಲ್ಟಿನಲ್ಲಿ ೩ ಆಂಪೇರ್ ಕೊಡಬಹುದು. ಗುಣಿಸಿ ಕೂಡಿಸಿದರೆ ಸುಮಾರು ೭೫ ವಾಟ್ ಆಯಿತು. ಕೆಲವು ಕಿರುಯಂತ್ರಗಳಲ್ಲಿ ತಯಾರಕರು ಇದಕ್ಕಿಂತಲೂ ಕಡಮೆ ಮಿತಿಯನ್ನು ಇಟ್ಟಿರುವುದುಂಟು. ಆದುದರಿಂದ ಯಂತ್ರದ ಕೈಪಿಡಿಯನ್ನು ನೋಡದೆ ಮುಂದುವರಿಯಬಾರದು.

ಈಗ ಮನೆಯ ಖರ್ಚಿನಂತೆ ಲೆಕ್ಕ ಹಾಕೋಣ. ಪ್ರೊಸೆಸರಿಗೆ ೬೫ ವಾಟ್, ಮದರ್‌ಬೋರ್ಡು, ಮೆಮೊರಿ, ಡಿಸ್ಕು, ಫ್ಯಾನುಗಳಿಗೆ ಸ್ಥೂಲವಾಗಿ ೪೫, ಒಟ್ಟು ೧೧೦. ಇದಕ್ಕೆ ೭೫ ವಾಟಿನ ಜಿಟಿಎಕ್ಸ್ ೧೬೫೦ ಸೇರಿದರೆ ೧೮೫ ಆಗುವುದು. ೨೪೦ ವಾಟಿನ ಪೆಟ್ಟಿಗೆಗೆ ಇದು ಹಿಡಿಸೀತು. ೧೮೦ ವಾಟಿನದಕ್ಕೆ ಇದು ಸಲ್ಲದು. ಅಲ್ಲಿ ೩೦ ವಾಟಿನ ಕಾರ್ಡೇ ಯುಕ್ತ. ಸಾಮರ್ಥ್ಯದ ಐದನೆಯ ಒಂದು ಪಾಲನ್ನಾದರೂ ಮೀಸಲಾಗಿ ಬಿಡುವುದು ವಿವೇಕ. ಕಿರುಪೆಟ್ಟಿಗೆಗೆ ಹಿಡಿಸುವ ಕಾರ್ಡಿನ ಎತ್ತರವೂ ಸುಮಾರು ೬೯ ಮಿಲಿಮೀಟರು ಮೀರಬಾರದೆಂಬುದನ್ನು ಮರೆಯಲಾಗದು. ೨೦೨೪ರಲ್ಲಿ ಬಂದ ೬ ಜಿಬಿಯ ಆರ್‌ಟಿಎಕ್ಸ್ ೩೦೫೦ ಕಾರ್ಡಿಗೆ ೭೦ ವಾಟ್ ಸಾಕು; ಅದರಲ್ಲಿ ಗಿಡ್ಡ ಆಕಾರದವೂ ಇವೆ.

ಡಿಸ್ಕಿಗೆ ಹೋಗುವ ತಂತಿಯಿಂದ ವಿದ್ಯುತ್ತನ್ನು ತಿರುಗಿಸಿ ದೊಡ್ಡ ಕಾರ್ಡಿಗೆ ಉಣಿಸಬಹುದೆಂದು ಕೆಲವರು ಸಲಹೆ ಕೊಡುವರು. ಅಂಥ ಜೋಡಣೆಯ ತುಂಡು ಅಗ್ಗವಾಗಿಯೇ ಸಿಗುತ್ತದೆ. ಆದರೆ ಡಿಸ್ಕಿನ ಆ ಸಾಟಾ ಕನೆಕ್ಟರು ೧೨ ವೋಲ್ಟಿನಲ್ಲಿ ೪.೫ ಆಂಪೇರ್, ಎಂದರೆ ೫೪ ವಾಟ್ ಮಾತ್ರ ತಾಳಬಲ್ಲುದು. ಕಾರ್ಡಿನ ಆರು ಪಿನ್ನಿನ ಬಾಯಿ ೭೫ ವಾಟ್ ಕೇಳೀತು. ಅಂಥಲ್ಲಿ ಪ್ಲಾಸ್ಟಿಕ್ಕು ಕರಗುವುದು, ಹೊಗೆ ಏಳುವುದು ಅಚ್ಚರಿಯೇನಲ್ಲ. ದೊಡ್ಡ ಎಸ್‌ಎಂಪಿಎಸ್ ಹಾಕಿಸೋಣವೆಂದರೆ, ಇಂಥ ಯಂತ್ರಗಳಲ್ಲಿ ಅನೇಕಕ್ಕೆ ಅಂಗಡಿಯ ಸಾಮಾನ್ಯ ಘಟಕವು ಆಕಾರದಲ್ಲಾಗಲಿ ಪಿನ್ನಿನಲ್ಲಾಗಲಿ ಹೊಂದುವುದಿಲ್ಲ.

ನಮ್ಮ ಸೀಮೆಯ ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ೨೫ ಡಿಗ್ರಿಯ ಕೋಣೆಯಲ್ಲಿ ಕಾರ್ಡು ೭೦ ಡಿಗ್ರಿಗೆ ಏರುವುದಾದರೆ, ಏರಿಕೆ ೪೫ ಡಿಗ್ರಿ. ಬೇಸಿಗೆಯಲ್ಲಿ ಕೋಣೆಯೇ ೪೦ ಡಿಗ್ರಿಯಾದಾಗ ಅದೇ ಕಾರ್ಡು ೮೫ರ ಸಮೀಪಕ್ಕೆ ಹೋಗುವುದು. ಅಷ್ಟು ಕಾವಿನಲ್ಲಿ ಅನೇಕ ಕಾರ್ಡುಗಳು ತಮ್ಮನ್ನು ಉಳಿಸಿಕೊಳ್ಳಲು ತಾವೇ ವೇಗವನ್ನು ತಗ್ಗಿಸಿಕೊಳ್ಳುತ್ತವೆ. ದುಬಾರಿ ಬೆಲೆ ಕೊಟ್ಟು ಕೊಂಡ ವೇಗವು ಏಪ್ರಿಲ್, ಮೇ ತಿಂಗಳಲ್ಲಿ ಕೈಗೆ ಸಿಗದೆ ಹೋದರೆ ಕೊಂಡುದರ ಫಲವೇನು?

“ಹಾಸಿಗೆ ಇದ್ದಷ್ಟೇ ಕಾಲು ಚಾಚುತ್ತ ಕುಳಿತರೆ ಹಿಂದುಳಿದ ಸೀಮೆ ಹಿಂದೆಯೇ ಉಳಿಯದೆ?” ಎಂದು ತರುಣರು ಕೇಳಿಯಾರು. ಪ್ರಶ್ನೆ ನ್ಯಾಯವಾದುದೇ. ಹತ್ತಿಯನ್ನೋ ತೊಗರಿಯನ್ನೋ ಮಾರಿ ಬಂದ ಹಣದಲ್ಲಿ ತಂದೆಯೊಬ್ಬನು ಕೊಡಿಸಿದ ಯಂತ್ರವು ಒಂದು ತಪ್ಪು ಕಾರ್ಡಿನಿಂದ ಸುಟ್ಟುಹೋದರೆ, ಆ ಮನೆಗೆ ಎರಡನೆಯ ಯಂತ್ರ ಬೇಗ ಬರಲಾರದು. ಹಿಂದುಳಿಯುವುದೆಂದರೆ ಅದು. ಲೆಕ್ಕ ಹಾಕಿ ಕೊಂಡವನ ಯಂತ್ರವಾದರೋ ನಾಳೆಯೂ ದುಡಿಯುವುದು. ಹುಣಸಗಿಯ ಬಳಿಯ ಇಸಾಂಪುರದಲ್ಲಿ ಸುಮಾರು ೧೨ ಲಕ್ಷ ವರ್ಷಗಳ ಹಿಂದೆ ಆದಿಮಾನವರು ಸುಣ್ಣಕಲ್ಲಿನ ಚಪ್ಪಡಿಗಳಲ್ಲಿ ತಕ್ಕ ದಪ್ಪದವನ್ನೇ ಆರಿಸಿ ಉಪಕರಣ ಮಾಡಿಕೊಂಡರು. ಕೈಯಲ್ಲಿರುವುದರ ಗುಣವನ್ನು ಅರಿತು ನಡೆಯುವುದು ಈ ನೆಲಕ್ಕೆ ಹೊಸತಲ್ಲ.

ಕಾರ್ಡಿಲ್ಲದ ದಾರಿಗಳೂ ಉಂಟು. ಯಂತ್ರದಲ್ಲಿ ಒಂದೇ ಮೆಮೊರಿ ಪಟ್ಟಿಯಿದ್ದರೆ, ಅದಕ್ಕೆ ಜೊತೆಯಾಗುವ ಇನ್ನೊಂದನ್ನು ಹಾಕಿಸಿ. ಪ್ರೊಸೆಸರಿನೊಳಗಿನ ಚಿತ್ರಾಂಗವು ಮೆಮೊರಿಯನ್ನೇ ಎರವಲು ಪಡೆಯುವುದರಿಂದ, ದಾರಿ ಎರಡಾದಾಗ ಅದರ ಓಟ ಚುರುಕಾಗುವುದು. ಇದಕ್ಕೆ ತಗಲುವ ವಾಟ್ ಬಹು ಸ್ವಲ್ಪ. ಯಂತ್ರಕಲಿಕೆಯ ಅಭ್ಯಾಸಕ್ಕೆ ಗೂಗಲ್ ಕೊಲ್ಯಾಬ್‌ನಂಥ ಸೇವೆಯ ಮೂಲಕ ದೂರದ ಗ್ರಾಫಿಕ್ಸ್ ಕಾರ್ಡನ್ನು ಮಿತಿಯೊಳಗೆ ಉಚಿತವಾಗಿ ಬಳಸಬಹುದು.

ಕಡೆಯದಾಗಿ ಅಧ್ಯಾಪಕರಲ್ಲೊಂದು ಬಿನ್ನಹ. ವಿದ್ಯುತ್ತಿನ ಪಾಠ ಮಾಡುವ ದಿನ ಹಳೆಯ ಎಸ್‌ಎಂಪಿಎಸ್ ಒಂದನ್ನು, ಬಿಚ್ಚದೆ ಹಾಗೆಯೇ, ತರಗತಿಗೆ ತನ್ನಿ. ಅದರ ಮೈಮೇಲಿನ ಚೀಟಿಯನ್ನು ವಿದ್ಯಾರ್ಥಿಗಳೇ ಓದಿ, ಗುಣಿಸಿ, ಕೂಡಿಸಲಿ. ಅಂಗಡಿಗೆ ಹೋದಾಗ ಅವರನ್ನು ಕಾಪಾಡುವುದು ಆ ಲೆಕ್ಕವೇ.