ವೃತ್ತವಲ್ಲ, ಗೋಳ

ಮಕ್ಕಳಿಗೆ ಪ್ರಾಣಿಗಳ ತಲೆ ಬಿಡಿಸುವುದನ್ನು ನಾವು ಕಲಿಸುತ್ತಿರುವ ರೀತಿಯ ಬಗ್ಗೆ ನನ್ನದೊಂದು ತಕರಾರಿದೆ. ಒಂದು ವೃತ್ತ, ಕೆಳಗೊಂದು ಮೊಟ್ಟೆಯಾಕಾರ, ಮೇಲೆರಡು ತ್ರಿಕೋನ. ಕಿವಿ ಚೂಪಾದರೆ ಬೆಕ್ಕು, ಜೋತುಬಿದ್ದರೆ ನಾಯಿ, ಕೊಂಬು ಸೇರಿಸಿದರೆ ಹಸು. ಹತ್ತು ನಿಮಿಷದಲ್ಲಿ ಮಗುವಿಗೂ ಖುಷಿ, ಅಪ್ಪ ಅಮ್ಮನಿಗೂ ಖುಷಿ. ಆದರೆ ಆ ಮೂರೂ ಒಂದೇ ಪ್ರಾಣಿ; ಬದಲಾದದ್ದು ಟೋಪಿ ಮಾತ್ರ.

ಸರಳ ಆಕಾರಗಳಿಂದ ಶುರುಮಾಡುವುದೇ ತಪ್ಪು ಎನ್ನುತ್ತಿಲ್ಲ ನಾನು. ಪ್ರಕೃತಿಯನ್ನು ಸಿಲಿಂಡರ್, ಗೋಳ, ಶಂಕುಗಳಾಗಿ ಕಾಣಬೇಕೆಂದು ಸೆಜಾನ್ 1904ರಲ್ಲೇ ಕಿರಿಯ ಚಿತ್ರಕಾರ ಎಮಿಲ್ ಬರ್ನಾರ್‌ಗೆ ಬರೆದಿದ್ದ. ಗಮನಿಸಿ, ಅವನು ಹೇಳಿದ್ದು ಗೋಳ, ವೃತ್ತವಲ್ಲ. ನನ್ನ ಜಗಳವೆಲ್ಲ ಇರುವುದು ಇಲ್ಲೇ. ವೃತ್ತ ಚಪ್ಪಟೆ, ಅದರ ಮೇಲೆ ಕಣ್ಣು ಅಂಟಿಸಬಹುದು, ಅಷ್ಟೆ. ಗೋಳಕ್ಕೆ ಪಕ್ಕವಿದೆ, ಹಿಂಭಾಗವಿದೆ. ಬುರುಡೆಯನ್ನು ಗೋಳವೆಂದೂ ಮೂತಿಯನ್ನು ಅದಕ್ಕೆ ಕೂಡಿಸಿದ ಪೆಟ್ಟಿಗೆಯೆಂದೂ ಅರಿತ ಮಗು ಆ ತಲೆಯನ್ನು ಬೇಕಾದ ಕಡೆ ತಿರುಗಿಸಬಲ್ಲದು.

ಇನ್ನು ಅಳತೆ. ಅದನ್ನು ಹೇಳಬೇಕಾದ್ದು ಪ್ರಾಣಿ, ಪಾಠವಲ್ಲ. ಬೆಕ್ಕಿಗೆ ಗೋಳ ದೊಡ್ಡದು, ಮೂತಿ ಗಿಡ್ಡ. ಬೇಟೆಯ ದೂರ ಅಳೆಯಲು ಕಣ್ಣೆರಡೂ ಮುಂದಕ್ಕಿವೆ. ಕುದುರೆಗೆ ಮೂತಿಯೇ ಉದ್ದ. ಮೇಯುತ್ತಲೇ ಸುತ್ತ ಕಾಯಲು ಕಣ್ಣು ಪಕ್ಕದಲ್ಲಿವೆ. ನಮ್ಮ ಹಳ್ಳಿಕಾರ್ ಎತ್ತನ್ನೇ ನೋಡಿ: ಉದ್ದನೆಯ ಕಿರಿದಾದ ಮುಖ, ಉಬ್ಬಿದ ಹಣೆಯ ನಡುವೆ ತಗ್ಗು, ನೆತ್ತಿಯಲ್ಲಿ ಹತ್ತಿರ ಹತ್ತಿರ ಹುಟ್ಟಿ ಹಿಂದಕ್ಕೆ ಸಾಗುವ ಕೊಂಬು. ವೃತ್ತದ ಎರಡು ಬದಿಗೆ ಕೊಂಬು ಸಿಕ್ಕಿಸುವ ಪಾಠದಲ್ಲಿ ಇದಕ್ಕೆ ಜಾಗವೇ ಇಲ್ಲ. ಹಾಗಾಗಿ ಹಳ್ಳಿಕಾರ್ ಕಟ್ಟಿದ ಮನೆಯ ಮಗುವೂ ಜಾಹೀರಾತಿನ ಕಪ್ಪುಬಿಳಿ ಹಸುವನ್ನೇ ಬಿಡಿಸುತ್ತದೆ.

ಇದು ಬರೀ ಚಿತ್ರದ ನಷ್ಟವಲ್ಲ, ನೋಟದ ನಷ್ಟ. 13ನೇ ಶತಮಾನದ ಫ್ರಾನ್ಸಿನ ವಿಲಾರ್ ದ ಒನೆಕೂರ್ ತನ್ನ ಚಿತ್ರಪುಸ್ತಕದಲ್ಲಿ ಒಂದು ಸಿಂಹ ಬಿಡಿಸಿ, ಇದು ಜೀವಂತ ಸಿಂಹವನ್ನು ನೋಡಿ ಮಾಡಿದ್ದು ಎಂದು ಪಕ್ಕದಲ್ಲಿ ಬರೆದಿಟ್ಟ. ಅದರ ಮುಖವೋ, ಕೈವಾರದಿಂದ ಎಳೆದಷ್ಟು ದುಂಡಗೆ! ಎದುರಿಗೆ ಸಿಂಹವೇ ನಿಂತಿದ್ದರೂ ಕೈ ಕಲಿತಿದ್ದ ವೃತ್ತವೇ ಗೆದ್ದಿತು.

ಮಕ್ಕಳಿಗೆ ಇಷ್ಟೆಲ್ಲ ಯಾಕೆ, ಕಷ್ಟವಾಗುವುದಿಲ್ಲವೇ ಎನ್ನುವವರಿಗೆ ನನ್ನ ಉತ್ತರ ಇದು: ಪೆನ್ಸಿಲ್‌ಗಿಂತ ಮೊದಲು ಒಂದು ಹಿಡಿ ಜೇಡಿಮಣ್ಣು ಕೊಡಿ. ಮಣ್ಣೆತ್ತಿನ ಅಮಾವಾಸ್ಯೆಗೆ ಉತ್ತರ ಕರ್ನಾಟಕದ ಮನೆಗಳಲ್ಲಿ ಎತ್ತು ಮಾಡುವ ಪುಟ್ಟ ಕೈಗಳಿಗೆ, ತಲೆಗೊಂದು ಹಿಂಭಾಗವಿದೆ ಎಂದು ಯಾರೂ ಪಾಠ ಹೇಳಬೇಕಿಲ್ಲ.