ಕಲಾಯಿ ಹಾಕಿಸಿದ ಕಾರು

ಹೆಂಗಸರಿಗೆ ಕಾರಿನಲ್ಲಿ ಬಣ್ಣ ಬಿಟ್ಟರೆ ಬೇರೇನೂ ಕಾಣುವುದಿಲ್ಲ ಎಂದು ನಮ್ಮ ಕಡೆಯ ಗಂಡಸರು ಬಹುಕಾಲದಿಂದ ನಂಬಿಕೊಂಡು ಬಂದಿದ್ದಾರೆ. ಸಾಲ ಎಷ್ಟು, ಕಂತು ಎಷ್ಟು, ಪೆಟ್ರೋಲೋ ಗ್ಯಾಸೋ ಎಂಬುದೆಲ್ಲ ನಡುಮನೆಯಲ್ಲಿ ಅವರವರಲ್ಲೇ ತೀರ್ಮಾನವಾಗಿ ಹೋಗುತ್ತದೆ. ಎಲ್ಲ ಮುಗಿದ ಮೇಲೆ ಅಡುಗೆಮನೆಯ ಕಡೆ ತಿರುಗಿ, "ಯಾವ ಬಣ್ಣ ತರೋಣ?" ಎಂದು ಕೇಳುತ್ತಾರೆ. ಮುಂಗಡಕ್ಕೆ ಬ್ಯಾಂಕಿನಲ್ಲಿ ಅಡವಿಟ್ಟ ಬಳೆ ನಮ್ಮದೇ ಆಗಿದ್ದರೂ ನಮ್ಮ ಪಾಲಿಗೆ ಬರುವ ಪ್ರಶ್ನೆ ಅದೊಂದೇ.

ಇಂಥ ಗಂಡಸರು 2024ರ ಮೇ ತಿಂಗಳಲ್ಲಿ ಮಾರುತಿ ಸುಜುಕಿಯವರ ಹೊಸ ಸ್ವಿಫ್ಟ್ ಬಂದಾಗ ನಡೆಸಿದ ವಾದವನ್ನು ನೀವು ಕೇಳಬೇಕಿತ್ತು. ನಮ್ಮ ಬಳಗ ನಾಲ್ಕು ತಾಲ್ಲೂಕಿನಲ್ಲಿ ಹಂಚಿಕೊಂಡಿದೆ. ನಾವಿರುವುದು ಮಧುಗಿರಿಯಲ್ಲಿ, ಭಾವನವರು ಶಿರಾದಲ್ಲಿ, ಮೈದುನ ಕೊರಟಗೆರೆಯಲ್ಲಿ, ನಾದಿನಿಯನ್ನು ಕೊಟ್ಟಿರುವುದು ಪಾವಗಡಕ್ಕೆ. ನಾಲ್ಕು ಮನೆಯ ಗಂಡಸರೂ ಕಾರಿನ ಹುಚ್ಚಿನವರು. ಮದುವೆಯಿರಲಿ, ತಿಥಿಯಿರಲಿ, ಎಲೆ ಎತ್ತುವ ಮೊದಲೇ ಕಾರಿನ ಮಾತು ಶುರು. ಆ ವರ್ಷವೆಲ್ಲ ಅವರ ದೂರು ಒಂದೇ: ಹೊಸ ಸ್ವಿಫ್ಟ್‌ನಲ್ಲಿ ಹೊಸದೇನೂ ಇಲ್ಲ!

ಮೈದುನ ದೀಪದ ಆಕಾರವನ್ನು ಹೀಯಾಳಿಸಿದ. "ನೋಡಿ ಅತ್ತಿಗೆ, ಮುಂದಿನಿಂದ ನೋಡಿದರೂ ಅದೇ ಮುಖ, ಹಿಂದಿನಿಂದ ನೋಡಿದರೂ ಅದೇ ಬೆನ್ನು. ಪಕ್ಕದ ಮನೆಯವರಿಗೆ ನಾವು ಹೊಸ ಕಾರು ತಗೊಂಡಿದ್ದೇ ಗೊತ್ತಾಗಲ್ಲ" ಎಂದು ಕೊರಗಿದ. ನಾದಿನಿಯ ಯಜಮಾನರು ಎಂಜಿನ್ನಿನ ನಾಲ್ಕು ಸಿಲಿಂಡರು ಮೂರಕ್ಕೆ ಇಳಿದದ್ದನ್ನೂ ಸುಮಾರು 90 ಇದ್ದ ಅಶ್ವಶಕ್ತಿ ಸುಮಾರು 80ಕ್ಕೆ ಬಂದದ್ದನ್ನೂ ಮನೆಯಲ್ಲಿ ಯಾರೋ ತೀರಿಹೋದಂತೆ ಹೇಳಿದರು. ಕೊನೆಗೆ ಹಿರಿಯರಾದ ಭಾವನವರು, "ಹಳೇ ಪಾತ್ರೆಗೆ ಕಲಾಯಿ ಹಾಕಿಸಿ ಹೊಸದು ಅಂತ ಮಾರ್ತಾರೆ ಕಣಮ್ಮ" ಎಂದು ತೀರ್ಪು ಕೊಟ್ಟರು.

ಕಲಾಯಿ! ಭಾವನವರು ಬೈಗುಳವೆಂದು ಆಡಿದ ಆ ಮಾತನ್ನೇ ಹಿಡಿದುಕೊಂಡು ನಾನು ಈ ನಾಲ್ಕು ಮಾತು ಬರೆಯುತ್ತಿದ್ದೇನೆ. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಕುದಿಸಿದರೆ ಏನಾಗುತ್ತದೆಂದು ಭಾವನವರಿಗೆ ಗೊತ್ತಿಲ್ಲ. ಒಲೆಯ ಮುಂದೆ ನಿಂತ ನಮಗೆ ಗೊತ್ತು. ಸಾರು ಕಿಲುಬಾಗುತ್ತದೆ, ಉಂಡವರು ವಾಂತಿ ಮಾಡುತ್ತಾರೆ. ಪಾತ್ರೆಯ ಆಕಾರ ಚೆನ್ನಾಗಿದ್ದರೆ ಅದನ್ನು ಜಜ್ಜಿ ಬೇರೆ ಆಕಾರ ಮಾಡುವವರು ಯಾರೂ ಇಲ್ಲ. ಒಳಗಿನ ಕಲಾಯಿ ಹೋಗಿದೆಯೇ ಎಂದು ನೋಡುತ್ತೇವೆ, ಹೋಗಿದ್ದರೆ ಹಾಕಿಸುತ್ತೇವೆ. ಕಾರಿನ ಹೊಸ ಮಾದರಿಯನ್ನೂ ಹಾಗೇ ನೋಡಬೇಕು ಎಂಬುದು ನನ್ನ ವಾದ. ಹೊರಗಿನ ಆಕಾರ ಬದಲಾಗಲಿಲ್ಲವೆಂದು ಅಳುವವರು, ಒಳಗಿನ ಕಲಾಯಿ ಹೋಗಿದ್ದ ಕಾಲದಲ್ಲಿ ತುಟಿಪಿಟಕ್ಕೆನ್ನದೆ ಕಾರು ಓಡಿಸಿಕೊಂಡಿದ್ದರಲ್ಲ, ನನ್ನ ಜಗಳ ಅದಕ್ಕೆ.

ಹಿಂಬದಿಯಲ್ಲಿ ಪೆಟ್ಟಿಗೆಯಂಥ ಡಿಕ್ಕಿ ಚಾಚಿಕೊಳ್ಳದೆ, ಹಿಂಬಾಗಿಲೇ ಮೇಲಕ್ಕೆ ಎದ್ದು ತೆರೆದುಕೊಳ್ಳುವ ಕಾರನ್ನು ಹ್ಯಾಚ್‌ಬ್ಯಾಕ್ ಎನ್ನುತ್ತಾರೆ. ನಮ್ಮ ದೇಶದ ಮಧ್ಯಮವರ್ಗಕ್ಕೆ ಅದನ್ನು ರೂಢಿ ಮಾಡಿಸಿದ್ದು 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800. ಅದು 1986ರಲ್ಲಿ ಒಮ್ಮೆ ಮೈ ಬದಲಿಸಿತು. ಆಮೇಲೆ ದೀಪ, ಬಂಪರ್ ಎಂದು ಅಷ್ಟಿಷ್ಟು ತಿದ್ದಿಸಿಕೊಂಡು, ಹೆಚ್ಚು ಕಡಿಮೆ ಅದೇ ಆಕಾರದಲ್ಲಿ 2014ರ ಜನವರಿಯವರೆಗೂ ತಯಾರಾಯಿತು. ಸ್ವಿಫ್ಟ್ ನಮ್ಮಲ್ಲಿಗೆ ಬಂದದ್ದು 2005ರ ಮೇ ತಿಂಗಳಲ್ಲಿ. 2011, 2018, 2024 ಎಂದು ಮೂರು ಸಲ ಹೊಸದಾಯಿತು. 2011ರಲ್ಲೂ ಇದೇ ಗೊಣಗಾಟವಿತ್ತು: ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ನಿಲ್ಲಿಸಿದರೆ ಯಾವುದು ಯಾವುದೆಂದು ತಿಳಿಯುವುದಿಲ್ಲವಂತೆ.

ತಿಳಿಯದಿದ್ದರೆ ನಷ್ಟ ಯಾರಿಗೆ? ನಮ್ಮ ಪ್ರೆಶರ್ ಕುಕ್ಕರನ್ನೇ ನೋಡಿ. ಅಮ್ಮನ ಕಾಲದ ಕುಕ್ಕರಿಗೂ ಮಗಳ ಮದುವೆಗೆ ಕೊಟ್ಟ ಕುಕ್ಕರಿಗೂ ಆಕಾರದಲ್ಲಿ ಹೆಚ್ಚೇನು ವ್ಯತ್ಯಾಸವಿದೆ? ಆದ್ದರಿಂದಲೇ ಅದರ ಗ್ಯಾಸ್ಕೆಟ್ಟು, ವಿಷಲ್ಲು ಪಾವಗಡದ ಸಣ್ಣ ಪಾತ್ರೆ ಅಂಗಡಿಯಲ್ಲೂ ಸಿಗುತ್ತವೆ. ಸುತ್ತಲೂ ಆಂಧ್ರದ ನೆಲವಿರುವ ಆ ಊರಿನಲ್ಲಿ ಕಾರು ಕೆಟ್ಟು ನಿಂತರೆ ಬೇಕಾಗುವುದು ಮುಖದ ಚೆಲುವಲ್ಲ, ಕೈಗೆ ಸಿಗುವ ಬಿಡಿಭಾಗ ಮತ್ತು ಅದನ್ನು ಬಿಚ್ಚಿ ಗೊತ್ತಿರುವ ಮೆಕ್ಯಾನಿಕ್ಕು. ಆಕಾರ ಪದೇ ಪದೇ ಬದಲಾದರೆ ಬಂಪರಿಗೆ ತುಮಕೂರಿಗೆ ಫೋನು, ಕನ್ನಡಿಗೆ ಬೆಂಗಳೂರಿಗೆ ಫೋನು. ಅಷ್ಟು ದಿನ ಮಕ್ಕಳನ್ನು ಶಾಲೆಗೆ, ಅತ್ತೆಯನ್ನು ಆಸ್ಪತ್ರೆಗೆ ಆಟೋದಲ್ಲಿ ಕರೆದೊಯ್ಯುವವರು ಯಾರು? ದೀಪದ ಬಗ್ಗೆ ವಾದ ಮಾಡಿದವರಂತೂ ಅಲ್ಲ.

ಇನ್ನು ಬಾಗಿಲಿನ ಹಿಡಿಕೆಯ ವಿಷಯ. 2018ರ ಸ್ವಿಫ್ಟ್‌ನಲ್ಲಿ ಹಿಂದಿನ ಬಾಗಿಲಿನ ಹಿಡಿಕೆಯನ್ನು ಇದ್ದ ಜಾಗದಿಂದ ತೆಗೆದು, ಮೇಲೆ ಕಿಟಕಿಯ ಪಕ್ಕದ ಕಪ್ಪು ಪಟ್ಟಿಯಲ್ಲಿ ಅಡಗಿಸಿದ್ದರು. ದೂರದಿಂದ ನೋಡಿದರೆ ಕಾರಿಗೆ ಎರಡೇ ಬಾಗಿಲು ಇದ್ದಂತೆ ಕಾಣಬೇಕು, ಓಟದ ಕಾರಿನಂತೆ ಇರಬೇಕು ಎಂಬುದು ಅದರ ಹಿಂದಿನ ಕಲ್ಪನೆ. ಬೇರೆ ಕಂಪನಿಗಳೂ ಹೀಗೆ ಮಾಡಿವೆ. 2024ರಲ್ಲಿ ಆ ಹಿಡಿಕೆ ಮತ್ತೆ ಬಾಗಿಲಿಗೇ, ಮೊದಲಿದ್ದ ಜಾಗಕ್ಕೇ ಬಂತು. ನಮ್ಮ ಮನೆಯ ಪಂಡಿತರು ಇದನ್ನು "ಹಿಂದಕ್ಕೆ ಹೋದದ್ದು" ಎಂದರು. ಧೈರ್ಯವಿಲ್ಲದ ವಿನ್ಯಾಸವಂತೆ!

ಹಿಡಿಕೆ ಹಾಗೆ ಮೇಲೆ ಅಡಗಿರುವ ಕಾರು ನಮ್ಮ ನೆಂಟರೊಬ್ಬರಲ್ಲೂ ಇದೆ. ಯಾವ ಕಂಪನಿಯದೆಂದು ಹೆಸರು ಬೇಡ. ಅದರಲ್ಲಿ ಗೊರವನಹಳ್ಳಿಯ ಮಹಾಲಕ್ಷ್ಮಿ ದರ್ಶನಕ್ಕೆ ಹೋಗಿದ್ದೆವು. ಮಂಡಿನೋವಿನ ನಮ್ಮ ಅತ್ತೆ ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಹಣ್ಣುಕಾಯಿ ಹಿಡಿದು ಬಿಸಿಲಲ್ಲಿ ನಿಂತು, ಎಮ್ಮೆಯ ಬೆನ್ನು ಸವರಿದಂತೆ ಬಾಗಿಲನ್ನೆಲ್ಲ ಸವರಿದರು. ಹಿಡಿಕೆ ಸಿಗಲಿಲ್ಲ. ಆರು ವರ್ಷದ ಮೊಮ್ಮಗಳಿಗೆ ಅದು ಕಂಡಿತು, ಆದರೆ ಕೈಗೆ ಎಟುಕಲಿಲ್ಲ. "ಬಾಗಿಲೇ ಇಲ್ಲದ ಗಾಡಿಗೆ ಲಕ್ಷಗಟ್ಟಲೆ ಕೊಟ್ಟರೇನೋ" ಎಂದು ಅತ್ತೆ ಗೊಣಗಿದರು. ಚಾಲಕನ ಬಾಗಿಲಿನ ಹಿಡಿಕೆಯನ್ನು ಹೀಗೆ ಬಚ್ಚಿಡುವ ಧೈರ್ಯವನ್ನು ಅವರು ತೋರಿದ್ದಾರೆಯೇ ನೋಡಿ. ಇಲ್ಲ. ಚೆಲುವಿಗಾಗಿ ಕಷ್ಟಪಡಬೇಕಾದದ್ದು ಹಿಂದೆ ಕೂರುವವರು ಮಾತ್ರ: ಮುದುಕಿಯರು, ಮಕ್ಕಳು, ಮಗುವನ್ನೂ ಬುತ್ತಿಯನ್ನೂ ಒಟ್ಟಿಗೆ ಹೊತ್ತ ನಾವು.

ಇದು ನಮ್ಮ ನಾಲ್ಕು ತಾಲ್ಲೂಕಿನ ಹೆಂಗಸರ ಗೊಣಗಾಟ ಎಂದು ತಳ್ಳಿಹಾಕುವವರಿಗೆ ಜರ್ಮನಿಯ ಕಥೆ ಹೇಳುತ್ತೇನೆ. ಅಲ್ಲಿನ ಫೋಕ್ಸ್‌ವ್ಯಾಗನ್ ಗಾಲ್ಫ್ 1974ರಿಂದ ಬರುತ್ತಿರುವ ಹ್ಯಾಚ್‌ಬ್ಯಾಕ್. ಎಷ್ಟು ಸಲ ಹೊಸದಾದರೂ ಹಳೆಯ ಗಾಲ್ಫ್‌ನ ಚಹರೆ ಬಿಡದಿರುವುದಕ್ಕೇ ಅದು ಹೆಸರುವಾಸಿ. 2019ರ ಎಂಟನೆಯ ಮಾದರಿಯಲ್ಲಿ ಅದಕ್ಕೂ ಹೊಸತನದ ಹುಮ್ಮಸ್ಸು ಬಂದು, ಒತ್ತುವ ಗುಂಡಿಗಳನ್ನು ತೆಗೆದು ಎಲ್ಲವನ್ನೂ ಬೆರಳು ಸವರಿದರೆ ಕೆಲಸ ಮಾಡುವಂತೆ ಮಾಡಿದರು. ಕೊಂಡವರು ರೇಗಾಡಿದರು. 2024ರಲ್ಲಿ ಸ್ಟಿಯರಿಂಗಿನ ಮೇಲೆ ಹಳೆಯ ಗುಂಡಿಗಳೇ ಮತ್ತೆ ಬಂದು ಕೂತವು. ಅಂಥ ದೊಡ್ಡ ಕಂಪನಿಯೇ ಹಿಂದಕ್ಕೆ ಹೆಜ್ಜೆ ಇಟ್ಟಿತು, ಯಾರ ಮರ್ಯಾದೆಯೂ ಹೋಗಲಿಲ್ಲ.

ಹಾಗೆಂದು ನಾನು ಕಂಪನಿಯ ವಕಾಲತ್ತು ವಹಿಸಿ ಬಂದವಳಲ್ಲ. ಆಕಾರ ಹಳೆಯದಿರಲಿ ಎಂದೆನೇ ಹೊರತು, ಒಳಗೆ ಕಿಲುಬಿರಲಿ ಎನ್ನಲಿಲ್ಲ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ಭಾರತದಲ್ಲಿ ಮಾರುತ್ತಿದ್ದ, ಏರ್‌ಬ್ಯಾಗ್ ಇಲ್ಲದ ಸ್ವಿಫ್ಟ್ ಕಾರನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಗುದ್ದಿಸಿ ನೋಡಿತು. ದೊಡ್ಡವರ ರಕ್ಷಣೆಗೆ ಸಿಕ್ಕ ನಕ್ಷತ್ರ ಸೊನ್ನೆ. 2022ರಲ್ಲಿ ಅದೇ ಸಂಸ್ಥೆ ಇನ್ನೂ ಬಿಗಿಯಾದ ನಿಯಮದಡಿ ಆಗಿನ ಸ್ವಿಫ್ಟನ್ನು ಪರೀಕ್ಷಿಸಿದಾಗ ಎರಡು ಏರ್‌ಬ್ಯಾಗ್ ಇದ್ದೂ ಸಿಕ್ಕದ್ದು ಐದರಲ್ಲಿ ಒಂದು ನಕ್ಷತ್ರ. ಇದು ಕಲಾಯಿ ಹೋದ ಪಾತ್ರೆ. ಆ ವರ್ಷಗಳಲ್ಲಿ ನಮ್ಮ ನಾಲ್ಕು ಮನೆಯ ಜಗಲಿಯಲ್ಲಿ ಈ ಸೊನ್ನೆಯ ಬಗ್ಗೆ, ಈ ಒಂದರ ಬಗ್ಗೆ ವಾದ ನಡೆದದ್ದನ್ನು ನಾನು ಕೇಳಿಲ್ಲ. ಮೈಲೇಜಿನ ಬಗ್ಗೆ ನಡೆಯಿತು, ಚಕ್ರದ ಅಂದದ ಬಗ್ಗೆ ನಡೆಯಿತು. ಮಾರುವವರಿಗೆ ಇನ್ನೇನು ಬೇಕು? ಕೊಳ್ಳುವವನು ಕೇಳದಿದ್ದದ್ದನ್ನು ಅಂಗಡಿಯವನು ತಾನಾಗಿ ತೂಗಿ ಕೊಡುತ್ತಾನೆಯೇ?

ಕೊಟ್ಟದ್ದೆಲ್ಲ ಕಾನೂನು ಬಗ್ಗಿಸಿದ ಮೇಲೆಯೇ. 2019ರಿಂದ ಚಾಲಕನಿಗೆ ಏರ್‌ಬ್ಯಾಗ್ ಕಡ್ಡಾಯವಾಯಿತು, 2021ರಲ್ಲಿ ಪಕ್ಕದ ಸೀಟಿನವರಿಗೂ ಎಂದಾಯಿತು. ಆರು ಏರ್‌ಬ್ಯಾಗ್ ಕಡ್ಡಾಯ ಎಂದು ಹೊರಟ ಕೇಂದ್ರ ಸರ್ಕಾರ 2023ರಲ್ಲಿ ಅದನ್ನು ಕೈಬಿಟ್ಟಿತು. ಕ್ರಮವನ್ನು ಗಮನಿಸಿ: ಮೊದಲು ಸ್ಟಿಯರಿಂಗ್ ಹಿಡಿದವನು, ಆಮೇಲೆ ಅವನ ಪಕ್ಕದವನು. ಊಟದ ಪಂಕ್ತಿಯಲ್ಲಿದ್ದಂತೆ ಇಲ್ಲೂ ನಮ್ಮದು ಕೊನೆಯ ಪಂಕ್ತಿ.

ಈಗ ಆ 2024ರ "ಹೊಸದೇನೂ ಇಲ್ಲದ" ಸ್ವಿಫ್ಟ್‌ಗೆ ಬರೋಣ. ಅದರ ಅತಿ ಕಡಿಮೆ ಬೆಲೆಯ ಮಾದರಿಯಿಂದಲೇ ಆರು ಏರ್‌ಬ್ಯಾಗ್ ಬಂದವು. ಅವುಗಳಲ್ಲಿ ಕಿಟಕಿಯ ಮೇಲಿನಿಂದ ಪರದೆಯಂತೆ ಇಳಿಯುವ ಎರಡು, ಹಿಂದೆ ಕೂತವರ ತಲೆಯನ್ನೂ ಕಾಯುತ್ತವೆ. ಹಿಂದಿನ ಸೀಟಿನ ನಡುವೆ ಕೂರುವವರಿಗೂ ಭುಜದ ಮೇಲಿನಿಂದ ಬರುವ ಬೆಲ್ಟ್ ಬಂತು. ನಮ್ಮ ಮನೆಗಳಲ್ಲಿ ಆ ನಡುವಿನ ಜಾಗ ಯಾರದೆಂದು ನಾನು ಹೇಳಬೇಕೆ? ಹೊಸದೇನಿದೆ ಎಂದು ಕೇಳಿದವರಿಗೆ ಇದು ಕಾಣಲಿಲ್ಲ, ಏಕೆಂದರೆ ಇದು ಪಕ್ಕದ ಮನೆಯವರಿಗೆ ಕಾಣುವಂಥದಲ್ಲ. ಅದೇ ಕಂಪನಿಯ, ಸ್ವಿಫ್ಟ್‌ನ ಒಡಹುಟ್ಟಿದಂತಿರುವ ಡಿಕ್ಕಿಯ ಕಾರು ಡಿಜೈರ್ 2024ರ ನವೆಂಬರಿನಲ್ಲಿ ದೊಡ್ಡವರ ರಕ್ಷಣೆಗೆ ಐದಕ್ಕೆ ಐದು ನಕ್ಷತ್ರ ಪಡೆಯಿತು. ಮನಸ್ಸು ಮಾಡಿದರೆ ಆಗುತ್ತದೆ ಎಂದಾಯಿತಲ್ಲ. ಹಾಗಾದರೆ ಅಷ್ಟು ವರ್ಷ ಏಕೆ ಆಗಲಿಲ್ಲ ಎಂದು ಕೇಳುವ ಹಕ್ಕು ನಮಗಿದೆ.

ಇನ್ನೊಂದು ಮಾತು. ಕಾರನ್ನು ಗುದ್ದಿಸಿ ನೋಡುವಾಗ ಒಳಗೆ ಬೊಂಬೆಗಳನ್ನು ಕೂರಿಸುತ್ತಾರೆ. ಹಲವು ದಶಕ ಆ ಬೊಂಬೆಯ ಮುಖ್ಯ ಅಳತೆ ಸರಾಸರಿ ಗಂಡಸಿನದು. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದವರು 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದೇ ಬಗೆಯ ಅಪಘಾತದಲ್ಲಿ, ಬೆಲ್ಟ್ ಕಟ್ಟಿದ್ದ ಚಾಲಕರಲ್ಲಿ, ತೀವ್ರವಾಗಿ ಗಾಯಗೊಳ್ಳುವ ಸಂಭವ ಹೆಂಗಸರಿಗೆ ಶೇ. 47ರಷ್ಟು ಹೆಚ್ಚು. ಸ್ವೀಡನ್ನಿನ ಆಸ್ಟ್ರಿಡ್ ಲಿಂಡರ್ ಎಂಬ ವಿಜ್ಞಾನಿಯ ತಂಡ ಸರಾಸರಿ ಹೆಣ್ಣಿನ ಮೈಯಳತೆಯ ಬೊಂಬೆಯನ್ನು ಜನರ ಮುಂದಿಟ್ಟದ್ದು 2022ರಲ್ಲಿ. ರವಿಕೆ ಹೊಲಿಯುವ ನಮ್ಮೂರಿನ ದರ್ಜಿಗೂ ಗಂಡಸಿನ ಅಳತೆ ಹೆಂಗಸಿಗೆ ಆಗುವುದಿಲ್ಲವೆಂದು ಗೊತ್ತು. ಕಾರು ಮಾಡುವವರಿಗೆ ಅದು ತಿಳಿಯಲು ಎಷ್ಟು ಕಾಲ ಬೇಕಾಯಿತು ನೋಡಿ.

ಕಂಪನಿಯವರನ್ನು ಕೇಳುವುದು ಒಂದು ಕಡೆಯಾದರೆ, ಮನೆಯವರನ್ನು ಕೇಳುವುದು ಇನ್ನೊಂದು ಕಡೆ. ಉದ್ಯಮಿ ಸೈರಸ್ ಮಿಸ್ತ್ರಿ 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ಅಪಘಾತದಲ್ಲಿ ತೀರಿಕೊಂಡಾಗ ಹಿಂದಿನ ಸೀಟಿನಲ್ಲಿದ್ದರು, ಬೆಲ್ಟ್ ಹಾಕಿರಲಿಲ್ಲ ಎಂದು ಪೊಲೀಸರು ಹೇಳಿದರು. ಅವರಿದ್ದದ್ದು ಬಲು ದುಬಾರಿ ಕಾರಿನಲ್ಲಿ. ಹಿಂದಿನವರೂ ಬೆಲ್ಟ್ ಹಾಕಲೇಬೇಕೆಂದು ನಮ್ಮ ದೇಶದ ನಿಯಮ, ತಪ್ಪಿದರೆ 1000 ರೂಪಾಯಿ ದಂಡ. ಆದರೆ ನಮ್ಮ ಕಾರುಗಳಲ್ಲಿ ಆ ಬೆಲ್ಟು ಸೀಟಿನ ಹೊದಿಕೆಯ ಕೆಳಗೆ ಹೂತುಹೋಗಿರುತ್ತದೆ. ಹೊದಿಕೆ ಚೆಂದ ಕಾಣಲಿ ಎಂದು ಹೂತವರು ಅದೇ ಚೆಲುವಿನ ಉಪಾಸಕರು! ಮಧುಗಿರಿಯಿಂದ ಬಡವನಹಳ್ಳಿ ದಾಟಿ ಶಿರಾ ಸೇರಿ, ಬೆಂಗಳೂರು ಪುಣೆಯ ಹೆದ್ದಾರಿ ಹತ್ತಿದೆವೆಂದರೆ ಆಚೀಚೆ ಲಾರಿಗಳ ಸಾಲು. ಅಲ್ಲಿ ಮಡಿಲಲ್ಲಿ ಕೂಸನ್ನಿಟ್ಟುಕೊಂಡು, ಬೆಲ್ಟಿಲ್ಲದೆ, ದೇವರ ಮೇಲೆ ಭಾರ ಹಾಕಿ ಕೂರುವುದನ್ನು ಸಂಸಾರಸ್ಥೆಯ ಲಕ್ಷಣವೆಂದು ನಮಗೆ ಕಲಿಸಿದವರು ಯಾರೋ ನನಗೆ ತಿಳಿಯದು. ಗಕ್ಕನೆ ನಿಂತ ಕಾರಿನಲ್ಲಿ ಮಗುವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಯಾವ ತಾಯಿಯ ತೋಳಿಗೂ ಇಲ್ಲ.

ಆದ್ದರಿಂದ ಅಕ್ಕತಂಗಿಯರೇ, ನಿಮ್ಮ ಮನೆಗೆ ಕಾರು ಬರುವ ಮೊದಲು ನೀವೂ ಷೋರೂಮಿಗೆ ನಡೆಯಿರಿ. "ನೀನ್ಯಾಕೆ ಬಿಸಿಲಲ್ಲಿ" ಎಂದರೆ ಕೊಡೆ ಹಿಡಿದುಕೊಂಡು ಹೋಗಿ. ಮುಖ ನೋಡುವವರು ಮುಖ ನೋಡುತ್ತಿರಲಿ. ನೀವು ಹಿಂದಿನ ಬಾಗಿಲನ್ನು ತೆಗೆದು ಹಾಕಿ ನೋಡಿ, ಅತ್ತೆಯನ್ನು ಕರೆದೊಯ್ದಿದ್ದರೆ ಅವರ ಕೈಯಿಂದಲೇ ತೆಗೆಸಿ. ಸೀಟಿನಲ್ಲಿ ಕೂತು ಬೆಲ್ಟ್ ಎಳೆದು ಕಟ್ಟಿಕೊಳ್ಳಿ. ಡಿಕ್ಕಿಯ ಅಂಚಿನ ಮೇಲಿಂದ ಅಕ್ಕಿಮೂಟೆ ಎತ್ತಿಹಾಕಲು ಆದೀತೇ ಎಂದು ಅಂದಾಜು ಮಾಡಿ. ಗುದ್ದಿಸಿ ನೋಡಿದಾಗ ಎಷ್ಟು ನಕ್ಷತ್ರ ಬಂತು, ಏರ್‌ಬ್ಯಾಗ್ ಎಷ್ಟು, ಬಂಪರ್ ಮುರಿದರೆ ನಮ್ಮೂರಿನಲ್ಲೇ ಸಿಗುತ್ತದೆಯೇ ಎಂದು ಬಾಯಿಬಿಟ್ಟು ಕೇಳಿ. ಮಾರುವ ಹುಡುಗ ನಿಮ್ಮ ಯಜಮಾನರ ಮುಖ ನೋಡಿ ಉತ್ತರ ಕೊಟ್ಟರೆ, ಕೇಳಿದವಳು ನಾನು ಎಂದು ನೆನಪಿಸಿ. ಬಣ್ಣದ ಪ್ರಶ್ನೆಯನ್ನು ಬೇಕಾದರೆ ಗಂಡಸರಿಗೇ ಬಿಟ್ಟುಕೊಡಿ, ಅವರಿಗೆ ಅದರಲ್ಲಿ ಆಸಕ್ತಿ ಹೆಚ್ಚು.

ಹೊಸ ಕಾರು ಹಳೆಯದರಂತೆಯೇ ಇದೆ ಎಂದು ಯಾರಾದರೂ ಮೂಗು ಮುರಿದರೆ ಬೇಸರಪಡಬೇಡಿ. ಒಳಗೆ ಕಲಾಯಿ ಗಟ್ಟಿಯಾಗಿದೆಯೇ ಎಂದು ನೋಡಿಕೊಂಡು, ಬೆಲ್ಟ್ ಕಟ್ಟಿಕೊಂಡು ಕೂತ ಮೇಲೆ, ಆ ವಾದವನ್ನು ಅವರು ಶಿರಾ ಮುಟ್ಟುವವರೆಗೂ ಮಾಡಿಕೊಳ್ಳಲಿ.