ಕೈಸನ್ನೆಯ ಗುಟ್ಟು ಯಾರದು?

'ಇಂಗಿತ' ಎಂಬ ಮಾತನ್ನು ನಾವು ಮನಸ್ಸಿನ ಆಶಯವೆಂಬ ಅರ್ಥದಲ್ಲಿ ಬಳಸುತ್ತೇವೆ. ಮೂಲದಲ್ಲಿ ಅದರ ಅರ್ಥ ಚಲನೆ. ಒಳಗಿನದು ಅವಯವಗಳ ಚಲನೆಯಿಂದ ಹೊರಗೆ ತೋರಿಬಿಡುತ್ತದೆಂಬ ಅನುಭವವೇ ಈ ಅರ್ಥವಿಸ್ತಾರಕ್ಕೆ ಕಾರಣವಾಗಿರಬೇಕು. ರಾಜನ ಮಂತ್ರಾಲೋಚನೆಯು ಇಂಗಿತದಿಂದಲೂ ಆಕಾರದಿಂದಲೂ ಬಯಲಾದೀತೆಂದು ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಎಚ್ಚರಿಸಿದ್ದಾನೆ. ಅಂದು ಈ ಎಚ್ಚರ ಅರಸನಿಗೆ ಬೇಕಾಗಿತ್ತು. ಇಂದು ಕೈಗೆ ಗಡಿಯಾರ ಕಟ್ಟಿಕೊಳ್ಳುವ ಪ್ರತಿಯೊಬ್ಬ ವಿದ್ಯಾರ್ಥಿಗೂ ಬೇಕಾಗಿದೆ.

1961ರಲ್ಲಿ ಬೆಂಗಳೂರಿನಲ್ಲಿ ಎಚ್.ಎಂ.ಟಿ.ಯವರ ಕೈಗಡಿಯಾರದ ಕಾರ್ಖಾನೆ ಆರಂಭವಾಯಿತು. ಆ ಗಡಿಯಾರ ನಮಗೆ ಹೊತ್ತನ್ನು ತಿಳಿಸುತ್ತಿತ್ತೇ ಹೊರತು ನಮ್ಮ ವಿಷಯವನ್ನು ಅನ್ಯರಿಗೆ ತಿಳಿಸುತ್ತಿರಲಿಲ್ಲ. ಇಂದಿನ ಸ್ಮಾರ್ಟ್‌ವಾಚಿನ ಧರ್ಮವೇ ಬೇರೆ. ಹೆಬ್ಬೆರಳನ್ನೂ ತೋರುಬೆರಳನ್ನೂ ಎರಡು ಸಲ ತಟ್ಟಿದರೆ ಕರೆಯನ್ನು ಸ್ವೀಕರಿಸುವ ಗಡಿಯಾರವನ್ನು ಆಪಲ್ ಸಂಸ್ಥೆ 2023ರಲ್ಲಿ ತಂದಿತು. ಮಣಿಕಟ್ಟಿನ ಸ್ನಾಯುಗಳಲ್ಲಿ ಹರಿಯುವ ಸೂಕ್ಷ್ಮ ವಿದ್ಯುತ್ ಸಂಕೇತಗಳನ್ನೇ ಓದಬಲ್ಲ ಪಟ್ಟಿಯನ್ನು ಮೆಟಾ ಸಂಸ್ಥೆ 2025ರಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಗುಂಡಿ ಒತ್ತಲಾರದ ಅಂಗವಿಕಲರಿಗೆ ಇಂತಹ ಸಾಧನಗಳು ದೊಡ್ಡ ಆಸರೆಯೆಂಬುದನ್ನು ಯಾರೂ ಅಲ್ಲಗಳೆಯಲಾರರು.

ಆದರೆ ಸನ್ನೆಗಾಗಿ ಕಾದಿರುವ ಯಂತ್ರವು ಸನ್ನೆಯಲ್ಲದ ಚಲನೆಯನ್ನೂ ಗಮನಿಸಲೇಬೇಕು; ಇಲ್ಲವಾದರೆ ಇದು ಸನ್ನೆ, ಇದು ಅಲ್ಲ ಎಂಬ ವಿವೇಕ ಅದಕ್ಕೆ ಬಾರದು. ಆದಕಾರಣ ನಾವು ಬರೆಯುವುದು, ಉಣ್ಣುವುದು, ನಿದ್ದೆಯಲ್ಲಿ ಹೊರಳುವುದು, ಕೈ ನಡುಗುವುದು ಎಲ್ಲವೂ ಅದರ ಗಮನಕ್ಕೆ ಬರುತ್ತವೆ. ಈ ವಿವರ ಗಡಿಯಾರದೊಳಗೇ ಉಳಿದು ಅಳಿದರೆ ಭಯ ಕಡಿಮೆ. ಕಂಪನಿಯ ಉಗ್ರಾಣಕ್ಕೆ ಹೋದರೆ ಅದರ ಮೇಲೆ ನಮ್ಮ ಹಿಡಿತ ತಪ್ಪುತ್ತದೆ. ಕೈಯ ಚಲನೆಯಿಂದಲೇ ಎ.ಟಿ.ಎಂ.ನ ಗುಪ್ತಸಂಖ್ಯೆಯನ್ನು ಮೊದಲ ಯತ್ನದಲ್ಲಿ ಶೇಕಡಾ 80ರಷ್ಟು ನಿಖರವಾಗಿ ಊಹಿಸಬಹುದೆಂದು ಅಮೆರಿಕದ ಸಂಶೋಧಕರು 2016ರಲ್ಲಿ ತೋರಿಸಿದರು. ವ್ಯಾಯಾಮದ ದಾರಿಗಳನ್ನು ದಾಖಲಿಸುವ ಸ್ಟ್ರಾವಾ ಎಂಬ ಸಂಸ್ಥೆಯ ಭೂಪಟದಿಂದ ಸೈನಿಕ ನೆಲೆಗಳ ಸುಳಿವು ಸಿಕ್ಕಿದ್ದು 2018ರಲ್ಲಿ ಜಗಜ್ಜಾಹೀರಾಯಿತು.

ನಮ್ಮ ನಾಡಿನಲ್ಲಿಯೂ ಕೈಯ ಮೇಲೆ ಗುರುತು ಬಿದ್ದುದುಂಟು. 2020ರ ಮಾರ್ಚಿನಲ್ಲಿ ವಿದೇಶದಿಂದ ಬಂದವರ ಕೈಗೆ ಶಾಯಿಯ ಮುದ್ರೆಯೊತ್ತಿದರು. ಮನೆಯಲ್ಲಿ ಪ್ರತ್ಯೇಕವಾಗಿದ್ದವರು ಹಗಲೆಲ್ಲ ಗಂಟೆಗೊಂದು ಸೆಲ್ಫಿ ಕಳುಹಿಸಬೇಕೆಂದು ಸರ್ಕಾರ ಆಜ್ಞೆ ಮಾಡಿತು. ಸಾಂಕ್ರಾಮಿಕದ ಭೀತಿಯಲ್ಲಿ ಜನ ಅದನ್ನು ಸಹಿಸಿದರು. ಶಾಯಿಯ ಮುದ್ರೆ ಕೆಲವು ದಿನಗಳಲ್ಲಿ ಅಳಿಯಿತು. ಮಾಹಿತಿಯ ಮುದ್ರೆಯಾದರೋ ಅಳಿಸುವವರು ಅಳಿಸದೆ ಅಳಿಯುವುದಲ್ಲ.

ಖಾಸಗಿತನಕ್ಕೆ ಕಾನೂನಿನ ಬಲ ದೊರೆತುದರಲ್ಲಿ ಕನ್ನಡನಾಡಿನ ಪಾಲು ದೊಡ್ಡದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಹೂಡಿದ ದಾವೆಯಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದರು. ಅದರ ಹಿಂದೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಬಂತು. 2025ರ ನವೆಂಬರಿನಲ್ಲಿ ಅದರ ನಿಯಮಗಳು ಪ್ರಕಟವಾಗಿ, ಮುಖ್ಯ ಹೊಣೆಗಳಿಗೆ ಹದಿನೆಂಟು ತಿಂಗಳ ಅವಧಿ ದೊರೆಯಿತು. ಹದಿನೆಂಟು ವರ್ಷ ತುಂಬದವರ ವಿಷಯದಲ್ಲಿ ತಂದೆತಾಯಿಗಳ ಒಪ್ಪಿಗೆ ಬೇಕೆಂದೂ, ಕೆಲವು ವಿನಾಯಿತಿಗಳ ಹೊರತು ಅವರ ನಡವಳಿಕೆಯನ್ನು ಹಿಂಬಾಲಿಸಿ ನೋಡಕೂಡದೆಂದೂ ಕಾಯಿದೆ ವಿಧಿಸುತ್ತದೆ. ಆದರೆ ದೇಹದ ಮಾಹಿತಿಗೆ ಇತರ ಮಾಹಿತಿಗಿಂತ ಹೆಚ್ಚಿನ ರಕ್ಷಣೆಯನ್ನು ಅದು ಬೇರೆಯಾಗಿ ಹೇಳಿಲ್ಲ. ಇದು ಸಣ್ಣ ಕೊರತೆಯಲ್ಲ.

ಕನ್ನಡದ ಅಧ್ಯಾಪಕನಾದ ನನಗೆ ಆ ಕಾಯಿದೆಯ ಇನ್ನೊಂದು ಮಾತು ಮುಖ್ಯವೆನಿಸುತ್ತದೆ. ಒಪ್ಪಿಗೆ ಕೇಳುವವರು ಅದನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಯಾವ ಭಾಷೆಯಲ್ಲಾದರೂ ಓದುವ ಅವಕಾಶ ಕೊಡತಕ್ಕದ್ದು. ಹುಮನಾಬಾದಿನ ತರುಣನು ಕನ್ನಡದಲ್ಲಿ ಓದಿ, 'ಒಲ್ಲೆ' ಎನ್ನಬಲ್ಲವನಾದರೆ ಮಾತ್ರ ಅವನ 'ಒಪ್ಪಿದೆ'ಗೆ ಬೆಲೆಯುಂಟು. ತಿಳಿಯದ ಭಾಷೆಯ ಹತ್ತಾರು ಪುಟಗಳ ಕೆಳಗೆ ಬೆರಳೊತ್ತುವುದು ಹೆಬ್ಬೆಟ್ಟಿನ ಸಹಿಗಿಂತ ಮೇಲಲ್ಲ. ಯಂತ್ರಾನುವಾದದ ಕಗ್ಗವನ್ನು ಕನ್ನಡವೆಂದು ಕೊಟ್ಟರೂ ಫಲ ಅದೇ.

ವಿಜ್ಞಾನೇಶ್ವರನು ತನ್ನ ಧರ್ಮಶಾಸ್ತ್ರ ವ್ಯಾಖ್ಯಾನವನ್ನು ಬರೆದದ್ದು ನಮ್ಮ ಈ ಕಲ್ಯಾಣದಲ್ಲಿ. ಅದಕ್ಕೆ ಅವನಿಟ್ಟ ಹೆಸರು ಮಿತಾಕ್ಷರಾ. ಮುಂದೆ ಇದೇ ಊರಿನಲ್ಲಿ ಶರಣರು ಗಹನವಾದುದನ್ನು ಜನರ ಕನ್ನಡದಲ್ಲಿ ನುಡಿಯಬಹುದೆಂದು ತೋರಿಸಿದರು. ಮಿತವಾದ ಅಕ್ಷರ, ತಿಳಿಯಾದ ಕನ್ನಡ: ಒಪ್ಪಿಗೆಯ ಪತ್ರಕ್ಕೆ ಇವೆರಡೂ ಬೇಕು. ಅವನ್ನು ಕೇಳಿ ಪಡೆಯುವ ಹೊಣೆ ಓದುಬರಹ ಬಲ್ಲ ನಮ್ಮದು.